ಹಂಚಿನ ಮನೆಯ ಜಂತಿಯಿಂದ ಅಕ್ವೇರಿಯಂಗೆ ತೂಗುದೀಪ: ಸ್ವತಃ ಕಟ್ಟಲು ಸಲಹೆ ಬೇಕು

ಪ್ರಶ್ನೆ: ತುಂಗಾತೀರ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಸಮೀಪದ ನಮ್ಮ ಹಂಚಿನ ಮನೆಯ ಜಗಲಿಯಲ್ಲಿ 3 ಅಡಿ ಉದ್ದದ, ಒಂದೂವರೆ ಅಡಿ ಅಗಲ ಮತ್ತು ಅಷ್ಟೇ ಎತ್ತರದ ಗಾಜಿನ ತೊಟ್ಟಿಯೊಂದಿದ್ದು, ಅದರಲ್ಲಿ ಸುಮಾರು 180 ಲೀಟರ್ ನೀರು ಹಿಡಿಯುತ್ತದೆ. ವ್ಯಾಲಿಸ್ನೇರಿಯಾ, ಕ್ರಿಪ್ಟೊಕೊರಿನ್ ಮತ್ತು ರೋಟಾಲಾ ಗಿಡಗಳನ್ನು ನೆಟ್ಟಿದ್ದೇನೆ. ಮಲಬಾರ್ ಡ್ಯಾನಿಯೊ ಮೀನುಗಳ ಒಂದು ಗುಂಪಿದೆ. ಮುಚ್ಚಳಕ್ಕೇ ಜೋಡಿಸಿದ್ದ ಹಳೆಯ ದೀಪ ತೇವಕ್ಕೆ ತುಕ್ಕು ಹಿಡಿದು ಹಾಳಾಗಿದೆ. ಅದು ಸರಿಯಿದ್ದಾಗಲೂ ಗಿಡ ಕತ್ತರಿಸಲು ಅಥವಾ ಗಾಜು ಉಜ್ಜಲು ಪ್ರತಿ ಸಲ ದೀಪಸಮೇತ ಮುಚ್ಚಳವನ್ನು ಎತ್ತಿಡಬೇಕಾಗುತ್ತಿತ್ತು.

ತೊಟ್ಟಿಯ ನೇರ ಮೇಲೆ, ಅದರ ಉದ್ದಕ್ಕೆ ಸಮಾನಾಂತರವಾಗಿ ಮರದ ಜಂತಿಯೊಂದು ಹಾದುಹೋಗಿದೆ. ಅದರಿಂದ ಒಂದು ತೂಗುದೀಪವನ್ನು ಇಳಿಬಿಡಬೇಕೆಂದಿದ್ದೇನೆ. 80 ಸೆಂಟಿಮೀಟರ್ ಉದ್ದ, 15 ಸೆಂಟಿಮೀಟರ್ ಅಗಲ, 2 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ತಗಡಿನ ಮೇಲೆ 3 ವ್ಯಾಟ್‌ನ ಬಿಳಿ ಎಲ್‌ಇಡಿಗಳನ್ನು 20ರಷ್ಟು ಕೂರಿಸುವ ಯೋಜನೆ. ಎಲ್ಲ ಸೇರಿ ತೂಕ 2 ಕಿಲೋ ಮೀರದು. ಜಂತಿಗೆ ಇದನ್ನು ಹೇಗೆ ಕಟ್ಟಬೇಕು, ಡ್ರೈವರ್‌ಗಳನ್ನು (ಮನೆಯ ಕರೆಂಟನ್ನು ಎಲ್‌ಇಡಿಗೆ ತಕ್ಕಂತೆ ಮಾರ್ಪಡಿಸುವ ಘಟಕಗಳು) ಎಲ್ಲಿಡಬೇಕು, ನೀರಿನ ಮೇಲ್ಮೈಯಿಂದ ಎಷ್ಟು ಎತ್ತರ ಇರಬೇಕು ಎಂಬುದನ್ನು ಅನುಭವಸ್ಥರು ತಿಳಿಸಬೇಕಾಗಿ ಕೋರುತ್ತೇನೆ. ನಮ್ಮಲ್ಲಿ ಸಿಡಿಲಿನ ಕಾಟ ಹೆಚ್ಚು ಎಂಬುದನ್ನೂ ಗಮನದಲ್ಲಿಟ್ಟುಕೊಳ್ಳಿ.

ಉತ್ತರ: ಕಂಬತೊಲೆ

ಮೊದಲು ಜಂತಿಯನ್ನೇ ಪರೀಕ್ಷಿಸಿ. ಹೊರಗಿನಿಂದ ನಯವಾಗಿ ಕಂಡರೂ ಒಳಗೆ ಗೆದ್ದಲು ತಿಂದಿರುವ ಮರ ಹಳೆಯ ಮನೆಗಳಲ್ಲಿ ಅಪರೂಪವಲ್ಲ. ಸ್ಕ್ರೂಡ್ರೈವರ್‌ನ ಹಿಡಿಯಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ, ಇಲ್ಲವೇ ಅದರ ಮೊನೆ ಸಲೀಸಾಗಿ ಒಳಗಿಳಿದರೆ, ಆ ಜಾಗವನ್ನು ಬಿಟ್ಟುಬಿಡಿ.

ಮರ ಗಟ್ಟಿಯಿದ್ದರೂ ತಳದಿಂದ ಮೇಲ್ಮುಖವಾಗಿ ಕೊಕ್ಕೆ ತಿರುಪುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಹಾಗೆ ಮಾಡಿದರೆ ಇಡೀ ಭಾರ ತಿರುಪಿನ ಎಳೆಗಳ ಹಿಡಿತವನ್ನೇ ನಂಬಿಕೊಂಡಿರುತ್ತದೆ. ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವ ಮರದಲ್ಲಿ ಆ ಹಿಡಿತ ವರ್ಷ ಕಳೆದಂತೆ ಸಡಿಲಾಗುತ್ತದೆ. ಅದರ ಬದಲು ಜಂತಿಯನ್ನೇ ಬಳಸಿ ಬರುವಂತೆ ಸ್ಟೇನ್‌ಲೆಸ್ ಸ್ಟೀಲ್ ತಂತಿಹಗ್ಗದ ಕುಣಿಕೆ ಹಾಕಿ, ಮರದ ಅಂಚುಗಳಿಗೆ ರಬ್ಬರ್ ಪಟ್ಟಿ ಕೊಡಿ. ಜಂತಿಯ ಮೇಲೆ ಅಟ್ಟದ ಹಲಗೆ ಕೂತಿದ್ದು ಸುತ್ತಲು ಎಡೆಯಿಲ್ಲದಿದ್ದರೆ, ಪಕ್ಕದಿಂದ, ಜಂತಿಯ ಎತ್ತರದ ನಡುಭಾಗದಲ್ಲಿ ಅಡ್ಡಲಾಗಿ ತೂತು ಕೊರೆದು, 8 ಮಿಲಿಮೀಟರ್ ಬೋಲ್ಟನ್ನು ಆರಪಾರ ಹಾಯಿಸಿ, ಎರಡೂ ಬದಿಗೆ ವಾಷರ್ ಹಾಕಿ ಬಿಗಿಯಿರಿ. ಬಾಗುವ ತೊಲೆಯಲ್ಲಿ ತಳದ ನಾರುಗಳು ಎಳೆತಕ್ಕೆ ಒಳಗಾಗಿರುತ್ತವೆ, ನಡುವಿನ ನಾರುಗಳ ಮೇಲೆ ಒತ್ತಡ ಕಡಿಮೆ. ಆದ್ದರಿಂದ ತೂತು ಕೊರೆಯಲೇಬೇಕಾದರೆ ಅದಕ್ಕೆ ನಡುಭಾಗವೇ ಸೂಕ್ತ ಸ್ಥಳ.

ಒಂದೂವರೆ ಮಿಲಿಮೀಟರ್ ದಪ್ಪದ ತಂತಿಹಗ್ಗವೂ ನೂರು ಕಿಲೋ ಎಳೆತವನ್ನು ತಾಳುತ್ತದೆ. ಹೀಗಾಗಿ ತೂಗುವ ವಸ್ತುಗಳು ಬೀಳುವುದು ಹಗ್ಗ ಹರಿದು ಅಲ್ಲ, ಅದರ ತುದಿಯ ಕಟ್ಟು ಜಾರಿ. ಬರಿಗೈಯಿಂದ ಗಂಟು ಹಾಕಬೇಡಿ, ಇಕ್ಕಳದಿಂದ ಸುಮ್ಮನೆ ಮುರುಟಿಸಲೂ ಬೇಡಿ. ಪ್ರತಿ ತುದಿಗೆ ಎರಡು ತಂತಿಹಗ್ಗದ ಕ್ಲಿಪ್ಪುಗಳಿರಲಿ. ಕ್ಲಿಪ್ಪಿನ ಯು ಆಕಾರದ ಬೋಲ್ಟು ಹಗ್ಗದ ಮಡಚಿ ಬಂದ ತುದಿಯ ಮೇಲೆ ಕೂರಬೇಕೇ ಹೊರತು ಭಾರ ಹೊರುವ ಎಳೆಯ ಮೇಲಲ್ಲ. ಮಟ್ಟ ಸರಿಪಡಿಸಲು ಒಂದೊಂದು ಹಗ್ಗಕ್ಕೂ ಒಂದೊಂದು ಟರ್ನ್‌ಬಕಲ್ (ತಿರುಗಿಸಿ ಹಗ್ಗದ ಉದ್ದ ಹೊಂದಿಸುವ ತಿರುಪು) ಹಾಕಿದರೆ ಮುಂದೆ ಎತ್ತರ ಬದಲಿಸುವುದೂ ಸುಲಭ.

ಎರಡು ಹಗ್ಗಗಳು ನೆಟ್ಟಗೆ ಇಳಿದರೆ ಒಂದೊಂದೂ ಭಾರದ ಅರ್ಧವನ್ನಷ್ಟೇ ಹೊರುತ್ತದೆ. ಜಂತಿಯ ಒಂದೇ ಬಿಂದುವಿನಿಂದ ಎರಡೂ ತುದಿಗೆ ಓರೆಯಾಗಿ ಹಾಯಿಸಿದರೆ ಎಳೆತ ಹೆಚ್ಚುತ್ತದೆ. ಹಗ್ಗವು ನೆಲಮಟ್ಟಕ್ಕೆ 30 ಡಿಗ್ರಿಯಷ್ಟೇ ಓರೆಯಾದಾಗ ಒಂದೊಂದು ಹಗ್ಗದ ಮೇಲೂ ಪೂರ್ತಿ ಭಾರ ಬೀಳುವುದಲ್ಲದೆ, ತಗಡನ್ನು ಒಳಮುಖವಾಗಿ ಬಾಗಿಸುವ ಬಲವೂ ಸೇರಿಕೊಳ್ಳುತ್ತದೆ. ನಿಮಗೆ ಜಂತಿ ತೊಟ್ಟಿಯ ಉದ್ದಕ್ಕೇ ಸಿಕ್ಕಿರುವುದು ಅನುಕೂಲ. ಎರಡು ಕುಣಿಕೆಗಳನ್ನು 70 ಸೆಂಟಿಮೀಟರ್ ಅಂತರದಲ್ಲಿ ಹಾಕಿ.

ಉತ್ತರ: ಸರ್ಕಿಟ್ ಹವ್ಯಾಸಿ

ತುಂಗಾತೀರ ಅವರೇ, ಇಪ್ಪತ್ತೂ ಎಲ್‌ಇಡಿಗಳನ್ನು ಒಂದೇ ಸರಣಿಯಲ್ಲಿ ಜೋಡಿಸಬೇಡಿ. ಒಂದೊಂದಕ್ಕೂ ಸುಮಾರು 3.3 ವೋಲ್ಟ್ ಬೇಕಾಗುವುದರಿಂದ ಒಟ್ಟು 66 ವೋಲ್ಟ್ ಆಗುತ್ತದೆ. ಒದ್ದೆ ಕೈ ತಾಗುವ ಜಾಗದಲ್ಲಿ ಅದು ಹೆಚ್ಚಾಯಿತು. ಹತ್ತರ ಎರಡು ಸಾಲು ಮಾಡಿ, ಒಂದೊಂದು ಸಾಲಿಗೂ 600 ಮಿಲಿಆಂಪಿಯರ್‌ನ ಸ್ಥಿರ ವಿದ್ಯುತ್ ಪ್ರವಾಹದ ಡ್ರೈವರ್ ಕೊಡಿ. ಆಗ ಸಾಲಿಗೆ 33 ವೋಲ್ಟ್, 20 ವ್ಯಾಟ್. ಎರಡೂ ಸೇರಿ 40 ವ್ಯಾಟ್.

ಡ್ರೈವರ್ ಕೊಳ್ಳುವಾಗ ಅದು ಐಸೊಲೇಟೆಡ್ ಮಾದರಿಯದೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ. ಅಗ್ಗದ ಎಷ್ಟೋ ಡ್ರೈವರ್‌ಗಳಲ್ಲಿ ಒಳಬರುವ 230 ವೋಲ್ಟಿಗೂ ಹೊರಹೋಗುವ ತಂತಿಗೂ ನಡುವೆ ಟ್ರಾನ್ಸ್‌ಫಾರ್ಮರ್‌ನ ಪ್ರತ್ಯೇಕತೆ ಇರುವುದಿಲ್ಲ. ಮೀಟರಿನಲ್ಲಿ 33 ವೋಲ್ಟ್ ತೋರಿಸಿದರೂ ಆ ತಂತಿ ಮುಟ್ಟಿದವರಿಗೆ ಮನೆಯ ಲೈನಿನ ಆಘಾತವೇ ತಗಲಬಹುದು. ಇಡೀ ಯೋಜನೆಯಲ್ಲಿ ನಾನು ಅತಿ ಹೆಚ್ಚು ಒತ್ತಿ ಹೇಳುವ ಮಾತು ಇದೊಂದೇ. ಡ್ರೈವರ್‌ಗಳು ತೂಗುದೀಪದ ಮೇಲೆ ಇರಲೇಬಾರದು. ತೊಟ್ಟಿಯಿಂದ ದೂರದ ಗೋಡೆಯಲ್ಲಿ, ಗಾಳಿಯಾಡುವ ಪೆಟ್ಟಿಗೆಯಲ್ಲಿರಲಿ. ತೊಟ್ಟಿಯ ಮೇಲಕ್ಕೆ ಬರುವುದು ಕಡಿಮೆ ವೋಲ್ಟಿನ ತಂತಿ ಮಾತ್ರ.

ಎಲ್‌ಇಡಿಗಳನ್ನು ಥರ್ಮಲ್ ಪೇಸ್ಟ್ ಹಚ್ಚಿ ತಗಡಿಗೆ ಬಿಗಿದ ಮೇಲೆ, ಬೆಸುಗೆ ಬಿಂದುಗಳಿಗೂ ತಗಡಿಗೂ ಸಂಪರ್ಕವಿಲ್ಲವೆಂದು ಮಲ್ಟಿಮೀಟರ್‌ನಿಂದ ಒಂದೊಂದನ್ನೂ ಪರೀಕ್ಷಿಸಿ. ಒಂದು ಗಂಟೆ ಉರಿಸಿದ ಬಳಿಕ ತಗಡಿನ ಮೇಲೆ ಅಂಗೈ ಇಟ್ಟುಕೊಂಡಿರಲು ಸಾಧ್ಯವಾದರೆ ಶಾಖ ಸರಿಯಾಗಿ ಹರಿದುಹೋಗುತ್ತಿದೆ ಎಂದರ್ಥ.

ತೊಟ್ಟಿಯ ಫಿಲ್ಟರ್, ಹೀಟರ್‌ಗಳೂ ಸೇರಿದ ಆ ಇಡೀ ಲೈನಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ವಿದ್ಯುತ್ ಸೋರಿದ ಕೂಡಲೇ ಲೈನನ್ನು ಕಡಿಯುವ ಸುರಕ್ಷತಾ ಸ್ವಿಚ್ಚು) ಇರಬೇಕು. ಇಲ್ಲದಿದ್ದರೆ ಪರವಾನಗಿ ಹೊಂದಿದ ಎಲೆಕ್ಟ್ರಿಷಿಯನ್‌ನಿಂದ ಮೊದಲು ಅದನ್ನು ಹಾಕಿಸಿ, ಆಮೇಲೆ ದೀಪದ ಕೆಲಸಕ್ಕೆ ಕೈಹಾಕಿ. ಬೇಸಿಗೆಯಲ್ಲಿ ಜಂಬಿಟ್ಟಿಗೆಯ ಮಣ್ಣು ಒಣಗಿ ಅರ್ತಿಂಗ್ ದುರ್ಬಲವಾಗುವುದರಿಂದ ಅರ್ತ್ ಗುಂಡಿಗೆ ನೀರು ಹಾಕುತ್ತಿರಿ. ಸಿಡಿಲಿಗೆ ಸರ್ಜ್ ರಕ್ಷಕ ಸ್ವಲ್ಪ ನೆರವಾಗುತ್ತದೆ, ಆದರೆ ಗುಡುಗು ದೂರದಲ್ಲಿ ಕೇಳಿಸುವಾಗಲೇ ಪ್ಲಗ್ ಕಿತ್ತಿಡುವುದಕ್ಕೆ ಸಮನಾದ ಉಪಾಯ ಮತ್ತೊಂದಿಲ್ಲ.

ಉತ್ತರ: ಹಸಿರು ತೊಟ್ಟಿ

ಎತ್ತರದ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ದೂರ ಇಮ್ಮಡಿಯಾದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ ಎಂಬ ಲೆಕ್ಕವನ್ನು ಅನೇಕರು ಇಲ್ಲಿಗೆ ಅನ್ವಯಿಸುತ್ತಾರೆ. ಅದು ಬಿಂದುವಿನಂತಹ ದೀಪಕ್ಕೆ ಸಲ್ಲುವ ನಿಯಮ. 80 ಸೆಂಟಿಮೀಟರ್ ಉದ್ದಕ್ಕೆ ಹರಡಿದ ಎಲ್‌ಇಡಿ ಸಾಲನ್ನು ಒಂದಡಿ ಮೇಲೆ ತೂಗಿದಾಗ ಇಳಿಕೆ ಅಷ್ಟು ತೀವ್ರವಾಗಿರುವುದಿಲ್ಲ. ನಿಜವಾದ ನಷ್ಟವಾಗುವುದು ತೊಟ್ಟಿಯ ಹೊರಗೆ ಚೆಲ್ಲುವ ಬೆಳಕಿನಿಂದ. ಲೆನ್ಸ್ ಇಲ್ಲದ ಎಲ್‌ಇಡಿ ಸುಮಾರು 120 ಡಿಗ್ರಿಯಲ್ಲಿ ಬೆಳಕು ಹರಡುತ್ತದೆ. 30 ಸೆಂಟಿಮೀಟರ್ ಎತ್ತರದಲ್ಲಿ ಅದು ನಡುಗೆರೆಯಿಂದ ಎರಡೂ ಬದಿಗೆ 52 ಸೆಂಟಿಮೀಟರ್ ವ್ಯಾಪಿಸುತ್ತದೆ, ನಿಮ್ಮ ತೊಟ್ಟಿಯ ಅರ್ಧ ಅಗಲವಾದರೋ 23 ಸೆಂಟಿಮೀಟರ್‌ಗೂ ಕಡಿಮೆ. 90 ಡಿಗ್ರಿಯ ಲೆನ್ಸ್ ಹಾಕಿದರೆ ಹರಹು 30 ಸೆಂಟಿಮೀಟರ್‌ಗೆ ಇಳಿಯುತ್ತದೆ. ಒಮ್ಮೆ ಮೇಲಿನಿಂದ ನೀರಿಗಿಳಿದ ಬೆಳಕಿನ ಬಹುಪಾಲು ಪಕ್ಕದ ಗಾಜಿಗೆ ತಾಗಿ ಪೂರ್ಣವಾಗಿ ಒಳಕ್ಕೇ ಪ್ರತಿಫಲಿಸುವುದರಿಂದ, ಬೆಳಕನ್ನು ನೀರಿನ ಮೇಲ್ಮೈಗೆ ಮುಟ್ಟಿಸುವುದೇ ಮುಖ್ಯ. ಆದ್ದರಿಂದ ನನ್ನ ಸಲಹೆ 90 ಡಿಗ್ರಿಯ ಲೆನ್ಸ್ ಮತ್ತು 25ರಿಂದ 30 ಸೆಂಟಿಮೀಟರ್ ಎತ್ತರ. ತಗಡಿನ ಮುಂದಿನ ಅಂಚನ್ನು ಒಂದೆರಡು ಇಂಚು ಕೆಳಕ್ಕೆ ಮಡಚಿಸಿದರೆ ಜಗಲಿಯಲ್ಲಿ ಕೂತವರ ಕಣ್ಣಿಗೆ ರಾಚುವುದಿಲ್ಲ.

ಬೆಳಕಿನ ಬಣ್ಣ 6500 ಕೆಲ್ವಿನ್, ಅಂದರೆ ಹಗಲಿನಂತಹ ಬಿಳುಪು ಇರಲಿ. ನೀವು ಗಿಡಗಳಿಗೆ ಇಂಗಾಲದ ಡೈಆಕ್ಸೈಡ್ ಕೊಡುತ್ತಿಲ್ಲವೆಂದು ಭಾವಿಸಿದರೆ ಲೀಟರಿಗೆ 20 ಲ್ಯೂಮೆನ್ (ಬೆಳಕಿನ ಪ್ರಮಾಣದ ಅಳತೆ), ಅಂದರೆ ಒಟ್ಟು 3600 ಲ್ಯೂಮೆನ್ ಧಾರಾಳವಾಗಿ ಸಾಕು, 40 ವ್ಯಾಟ್‌ನ ಒಳ್ಳೆಯ ಎಲ್‌ಇಡಿಗಳು ಅಷ್ಟನ್ನು ಕೊಡುತ್ತವೆ. ಅದಕ್ಕಿಂತ ಹೆಚ್ಚಿಸಿದರೆ ಲಾಭ ಪಾಚಿಗೆ. ಎರಡು ಸಾಲುಗಳಿಗೆ ಎರಡು ಟೈಮರ್ ಇಟ್ಟು, ಒಂದು ಸಾಲನ್ನು ದಿನಕ್ಕೆ 7 ಗಂಟೆ, ಇನ್ನೊಂದನ್ನು ನಡುವಿನ 4 ಗಂಟೆ ಮಾತ್ರ ಉರಿಸಿ ಆರಂಭಿಸಿ.

ಇನ್ನೊಂದು ಮಾತು: ಮುಚ್ಚಳ ತೆಗೆದ ತೊಟ್ಟಿಯಿಂದ ಮಲಬಾರ್ ಡ್ಯಾನಿಯೊ ಹಾರದೆ ಇರದು. ತೆಳು ಗಾಜಿನ ಹೊದಿಕೆ ಹಾಕಲೇಬೇಕು. ಶುಭ್ರವಾದ ಗಾಜು ತಡೆಯುವ ಬೆಳಕು ಶೇಕಡಾ 8ರ ಆಸುಪಾಸು. ಧೂಳು, ಸುಣ್ಣದ ಕಲೆ ಕೂತರೆ ಅದು ಬಹಳ ಹೆಚ್ಚುತ್ತದೆ, ಹಾಗಾಗಿ ವಾರಕ್ಕೊಮ್ಮೆ ಒರೆಸಿ.

ಮರುಪ್ರಶ್ನೆ: ತುಂಗಾತೀರ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಜಂತಿಯ ಮೇಲೆ ರೀಪುಗಳ ನಡುವೆ ಎಡೆಯಿದೆ, ಹಾಗಾಗಿ ಕುಣಿಕೆಯನ್ನೇ ಹಾಕುತ್ತೇನೆ. ಉಳಿದಿರುವುದು ಒಂದು ಸಂದೇಹ. ಗೋಡೆಯ ಪೆಟ್ಟಿಗೆಯಿಂದ ದೀಪದವರೆಗೆ ತಂತಿಯನ್ನು ಯಾವ ದಾರಿಯಲ್ಲಿ ಒಯ್ಯಬೇಕು? ಅಟ್ಟದಲ್ಲಿ ಇಲಿಗಳಿವೆ.

ಉತ್ತರ: ಸರ್ಕಿಟ್ ಹವ್ಯಾಸಿ

ಇಲಿಗಳಿದ್ದರೆ ಜಂತಿಯ ಉದ್ದಕ್ಕೂ ಲೋಹದ ಕೊಳವೆಯೊಳಗೆ ಒಯ್ಯಿರಿ. ಪ್ಲಾಸ್ಟಿಕ್ ಕೊಳವೆಯನ್ನು ಅವು ಕಡಿದುಹಾಕುತ್ತವೆ. ಕೊಳವೆಯಿಂದ ಹೊರಬಂದ ತಂತಿಯನ್ನು ಒಂದು ತಂತಿಹಗ್ಗದ ಜೊತೆ ಸಡಿಲವಾಗಿ ಕಟ್ಟುತ್ತ ಇಳಿಸಿ, ದೀಪವನ್ನು ಅರ್ಧ ಅಡಿ ಮೇಲೆ ಕೆಳಗೆ ಮಾಡಿದರೂ ಬಿಗಿಯದಷ್ಟು ಉದ್ದ ಬಿಡಿ. ದೀಪದ ಭಾರ ಎಂದಿಗೂ ವಿದ್ಯುತ್ ತಂತಿಯ ಮೇಲೆ ಬೀಳಬಾರದು. ಫಿಲ್ಟರ್, ಹೀಟರ್‌ಗಳ ತಂತಿಗಳು ಸಾಕೆಟ್ಟಿಗೆ ಹೋಗುವ ಮುನ್ನ ಒಮ್ಮೆ ಸಾಕೆಟ್ಟಿಗಿಂತ ಕೆಳಕ್ಕಿಳಿದು ಮೇಲೇರುವಂತೆ ಬಾಗಿಸಿ, ಆಗ ತಂತಿಗುಂಟ ಹರಿದ ನೀರು ಆ ಬಾಗಿನಿಂದ ನೆಲಕ್ಕೆ ತೊಟ್ಟಿಕ್ಕುತ್ತದೆಯೇ ಹೊರತು ಸಾಕೆಟ್ ಸೇರುವುದಿಲ್ಲ. ಕೆಲಸ ಮುಗಿದ ಮೇಲೆ ತೊಟ್ಟಿಯ ಮೇಲೆ ಒಂದು ಗಟ್ಟಿ ಹಲಗೆ ಅಡ್ಡ ಇಟ್ಟು, ದೀಪಕ್ಕೆ 10 ಕಿಲೋ ಅಕ್ಕಿಯ ಚೀಲವನ್ನು ಒಂದು ರಾತ್ರಿ ತೂಗುಬಿಟ್ಟು, ಕ್ಲಿಪ್ಪುಗಳು ಒಂದಿಷ್ಟೂ ಜಾರಿಲ್ಲವೆಂದು ಬೆಳಿಗ್ಗೆ ನೋಡಿಕೊಂಡ ನಂತರವೇ ಹಲಗೆಯನ್ನು ತೆಗೆಯಿರಿ.