ಡಿಸ್ಕಸ್ ಮೀನಿನ ತೊಟ್ಟಿಯ ನೀರು ತಣ್ಣಗಿದೆ, ಕಂಟ್ರೋಲರ್ 31 ಡಿಗ್ರಿ ತೋರಿಸ್ತಿದೆ. ದಯವಿಟ್ಟು ಸಹಾಯ ಮಾಡಿ

ಕುವೆಂಪುನಗರ, ಮೈಸೂರು:
ಎಲ್ಲರಿಗೂ ನಮಸ್ಕಾರ. ನಾಲ್ಕಡಿ ತೊಟ್ಟಿ, ಸುಮಾರು 200 ಲೀಟರ್, ಐದು ಡಿಸ್ಕಸ್. 200 ವ್ಯಾಟ್ ಹೀಟರ್, ಅದನ್ನು ಆನ್-ಆಫ್ ಮಾಡೋಕೆ ಹೊರಗೊಂದು ಕಂಟ್ರೋಲರ್, ಅದಕ್ಕೆ ಎರಡು ತಂತಿಯ ಕಪ್ಪು ಸೆನ್ಸರ್. 29ಕ್ಕೆ ಸೆಟ್ ಮಾಡಿದ್ದೀನಿ. ಒಂದು ವಾರದಿಂದ 30, 31 ಅಂತ ತೋರಿಸ್ತಿದೆ, ಗಾಜು ಮುಟ್ಟಿದ್ರೆ ತಣ್ಣಗಿದೆ. ಮೀನುಗಳು ಕಪ್ಪಿಟ್ಟು ಹಿಂದಿನ ಮೂಲೆಯಲ್ಲಿ ಗುಂಪಾಗಿ ನಿಂತಿವೆ, ತಿಂಡಿ ಹಾಕಿದ್ರೆ ತಿರುಗಿಯೂ ನೋಡಲ್ಲ. ಇವತ್ತು ಗಾಜಿನ ಥರ್ಮಾಮೀಟರ್ ತಂದು ಬಿಟ್ಟೆ: 24.

ಇನ್ನೊಂದು ಅರ್ಥವಾಗದ ವಿಷಯ. ಮಧ್ಯಾಹ್ನ ಮುಚ್ಚಳ ತೆಗೆದಿಟ್ಟಾಗ 28ಕ್ಕೆ ಇಳಿದು ಹೀಟರ್ ಸ್ವಲ್ಪ ಹೊತ್ತು ಉರಿಯುತ್ತೆ. ಬೆಳಗಿನ ಜಾವ, ಧನುರ್ಮಾಸದ ಚಳಿ ಜೋರಾಗಿರುವಾಗಲೇ 31ಕ್ಕೆ ಏರುತ್ತೆ.

ವಿಜಯನಗರ, ಮೈಸೂರು:
ಕಂಟ್ರೋಲರ್ ವಿಷಯ ಆಮೇಲೆ ನೋಡೋಣ, ಮೊದಲು ಮೀನು ಉಳಿಸ್ಕೊಳಪ್ಪ. ಆ ಮರಿಗಳು ನಮ್ಮ ಮನೆಯಿಂದ ಹೋದವು, ನನಗೂ ಸಂಕಟ ಆಗುತ್ತೆ. ಹೀಟರ್ ಪ್ಲಗ್ಗನ್ನು ಕಂಟ್ರೋಲರಿಂದ ಕಿತ್ತು ನೇರ ಗೋಡೆಯ ಸಾಕೆಟ್ಟಿಗೆ ಹಾಕು. ಹೀಟರಿನಲ್ಲೇ ತಿರುಗಿಸೋ ಥರ್ಮೋಸ್ಟಾಟ್ ಇರುತ್ತಲ್ಲ, ಅದನ್ನು ಇವತ್ತು 26ಕ್ಕೆ, ನಾಳೆ 28ಕ್ಕೆ ಇಡು. ಒಂದೇ ಸಲ 29ಕ್ಕೆ ಏರಿಸಬೇಡ. ನೀರಿಗೆ ಕೈ ಹಾಕೋ ಮುಂಚೆ ಎಲ್ಲಾ ಪ್ಲಗ್ಗೂ ಕಿತ್ತಿರಬೇಕು.

ಸರಸ್ವತಿಪುರಂ, ಮೈಸೂರು:
ಕಂಟ್ರೋಲರ್ ಮೆನುವಿನಲ್ಲಿ ತಿದ್ದುಪಡಿ ಆಯ್ಕೆ ಇರುತ್ತೆ. ಅಲ್ಲಿ -7 ಅಂತ ಹಾಕಿಬಿಡಿ, ಸರಿಹೋಗುತ್ತೆ. ನಂದೂ ಒಂದು ಡಿಗ್ರಿ ಹೆಚ್ಚು ತೋರಿಸ್ತಿತ್ತು, ಹಾಗೇ ಸರಿ ಮಾಡ್ಕೊಂಡೆ.

ಮಂಡ್ಯ:
-7 ಹಾಕ್ಬೇಡಿ ಸಾರ್, ಕೈ ಮುಗಿದು ಕೇಳ್ತೀನಿ. ಒಂದು ಡಿಗ್ರಿ ವ್ಯತ್ಯಾಸ ಸೆನ್ಸರಿನ ಸ್ವಭಾವ, ಅದನ್ನ ತಿದ್ದಬಹುದು. ಏಳು ಡಿಗ್ರಿ ರೋಗ. ಅದೂ ಹೊತ್ತಿಗೊಂದು ಥರ ಬದಲಾಗ್ತಾ ಇದೆ. ಇವತ್ತು -7 ಹಾಕಿ, ನಾಳೆ ರೋಗ ತಾನಾಗೇ ಕಮ್ಮಿಯಾದ್ರೆ ಕಂಟ್ರೋಲರ್ ನೀರು ತಣ್ಣಗಿದೆ ಅಂದ್ಕೊಂಡು ಹೀಟರ್ ಉರಿಸ್ತಾನೇ ಇರುತ್ತೆ, ಮೀನು ಬೆಂದುಹೋಗ್ತವೆ.

ನಮ್ಮದು ಚಾಕಿ ಸಾಕಣೆ. ಎರಡನೇ ಜ್ವರ (ಅಂದ್ರೆ ಹುಳ ಪೊರೆ ಬಿಡೋದು) ಮುಗಿಯೋವರೆಗೂ ರೇಷ್ಮೆಹುಳ ನಮ್ಮ ಹತ್ರನೇ ಇರ್ತವೆ. 27-28 ಡಿಗ್ರಿ ಶಾಖ, ಶೇ 85-90 ತೇವಾಂಶ ಬೇಕು. ನಾವು ಬಳಸೋದೂ ಇಂಥದ್ದೇ ಸೆನ್ಸರ್. ಆ ತೇವದಲ್ಲಿ ಇದೇ ರೋಗವನ್ನ ಎಷ್ಟೋ ಸಲ ನೋಡಿದ್ದೀನಿ.

ಒಳಗೆ ನಡೆಯೋದು ಇಷ್ಟು. ಆ ಸೆನ್ಸರ್ ಕರೆಂಟಿಗೆ ಒಡ್ಡೋ ತಡೆಯನ್ನ ಓಮ್‌ನಲ್ಲಿ ಅಳೀತಾರೆ, 25 ಡಿಗ್ರಿಯಲ್ಲಿ ಅದು 10 ಕಿಲೋ ಓಮ್ ಇರುತ್ತೆ. ಶಾಖ ಏರಿದಂಗೆ ಓಮ್ ಇಳಿಯುತ್ತೆ, 30ಕ್ಕೆ ಸುಮಾರು 8. ಎರಡು ತಂತಿ ನಡುವೆ ಎಲ್ಲಾದ್ರೂ ತೇವ ಸೇರಿದ್ರೆ ಕರೆಂಟಿಗೆ ಇನ್ನೊಂದು ಅಡ್ಡದಾರಿ ಸಿಗುತ್ತೆ, ಒಟ್ಟು ಓಮ್ ಇಳಿಯುತ್ತೆ. ಕಂಟ್ರೋಲರಿಗೆ ತೇವ ಗೊತ್ತಿಲ್ಲ, ನೀರು ಕಾದಿದೆ ಅಂದ್ಕೊಳ್ಳುತ್ತೆ. ನೀವು ಬರೆದಿರೋ ಬೆಳಗಿನ ಜಾವದ ಮಾತೇ ದೊಡ್ಡ ಸುಳಿವು. ಹೊರಗೆ ಚಳಿಯಾದಷ್ಟೂ ಮುಚ್ಚಳದ ಒಳಗೆ ಹನಿ ಕಟ್ಟುತ್ತೆ. ಸೆನ್ಸರ್ ತಂತಿಯಲ್ಲಿ ಜಾಯಿಂಟ್ ಎಲ್ಲಾದ್ರೂ ಇದೆಯಾ?

ಒಂದು ಪರೀಕ್ಷೆ ಮಾಡಿ. ಒಂದು ಲೋಟ ತುಂಬ ಜಜ್ಜಿದ ಐಸು, ಸಂದಿ ತುಂಬೋಷ್ಟು ನೀರು. ಸೆನ್ಸರ್ ತುದಿ ಐದು ನಿಮಿಷ ಅದರಲ್ಲಿಟ್ಟು ಕದಡ್ತಾ ಇರಿ. ಸೊನ್ನೆಯ ಆಸುಪಾಸು ಬರಬೇಕು. ಆಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ಜ್ವರ ನೋಡೋ ಡಿಜಿಟಲ್ ಥರ್ಮಾಮೀಟರ್ ಜೊತೆ ಇಟ್ಟು ನೋಡಿ. ಕುದಿಯೋ ನೀರು ಬೇಡ. ಸಮುದ್ರಮಟ್ಟದಿಂದ 760 ಮೀಟರ್ ಮೇಲಿರೋ ಮೈಸೂರಲ್ಲಿ ನೀರು 97.5ಕ್ಕೇ ಕುದಿಯುತ್ತೆ, 100 ಅಂತ ಹೋಲಿಸಿದ್ರೆ ತಪ್ಪಾಗುತ್ತೆ.

ಹುಣಸೂರು ರಸ್ತೆ, ಮೈಸೂರು:
ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನನ್ನ ಕಂಟ್ರೋಲರ್ ಆರ್ಡುಯಿನೋ ಅನ್ನೋ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡಿನಲ್ಲಿ ನಾನೇ ಮಾಡಿದ್ದು, ಡಿಎಸ್18ಬಿ20 ಸೆನ್ಸರ್. ಆಗಾಗ 85, ಒಮ್ಮೊಮ್ಮೆ -127 ಬರುತ್ತೆ. ಅದೂ ತೇವವೇ?

ಮಂಡ್ಯ:
ಅದು ಬೇರೆ ಜಾತಿ ಸಾರ್, ಡಿಜಿಟಲ್. ಕರೆಂಟ್ ಬಂದ ತಕ್ಷಣ ಅದರಲ್ಲಿ ಇರೋ ಅಂಕಿನೇ 85. ಅಳತೆ ಮುಗಿಯೋಕೆ 750 ಮಿಲಿಸೆಕೆಂಡ್ ಬೇಕು, ಅದಕ್ಕೂ ಮುಂಚೆ ಓದ್ತಿದ್ದೀರಿ, ಇಲ್ಲಾ ನಡುನಡುವೆ ಕರೆಂಟ್ ಹೋಗಿ ಬರ್ತಿದೆ. -127 ಅಂದ್ರೆ ಸೆನ್ಸರ್ ಉತ್ತರವನ್ನೇ ಕೊಟ್ಟಿಲ್ಲ. ತಂತಿ, 4.7 ಕಿಲೋ ಓಮ್ ರೆಸಿಸ್ಟರ್ ಎರಡನ್ನೂ ನೋಡಿ.

ಕುವೆಂಪುನಗರ, ಮೈಸೂರು:
ಅಣ್ಣ, ಐಸಿನಲ್ಲಿ 15.4 ಬಂತು! 38 ಡಿಗ್ರಿ ನೀರಿನಲ್ಲಿ 42.5. ಅಂದ್ರೆ ಐಸಲ್ಲಿ 15 ತಪ್ಪು, ತೊಟ್ಟಿಯಲ್ಲಿ 7, ಬಿಸಿನೀರಲ್ಲಿ ನಾಲ್ಕೂವರೆ. -7 ಹಾಕಿದ್ರೆ ಉಳಿದ ಎರಡಕ್ಕೂ ಹೊಂದ್ತಿರಲಿಲ್ಲ.

ಜಾಯಿಂಟ್ ಇದೆ. ಕಂಟ್ರೋಲರ್ ದೂರ ಇಡೋಕೆ ಅಂತ ತಂತಿ ಎರಡು ಮೀಟರ್ ಉದ್ದ ಮಾಡಿಸಿದ್ದೆ, ಹೊಸೆದು ಇನ್ಸುಲೇಷನ್ ಟೇಪ್ ಸುತ್ತಿದ್ದು, ಸರಿಯಾಗಿ ಮುಚ್ಚಳದ ಕೆಳಗೇ ಇದೆ. ಈಗ ಟೇಪ್ ಬಿಚ್ಚಿದೆ. ಗೋಂದು ಕರಗಿ ಲೋಳೆಯಾಗಿದೆ. ಎರಡೂ ತಂತಿ ಹಸಿರು ಕಿಲುಬು ಹಿಡಿದು, ಆ ಕಿಲುಬೇ ಒಂದರಿಂದ ಇನ್ನೊಂದಕ್ಕೆ ಸೇತುವೆ ಕಟ್ಟಿದ ಹಾಗಿದೆ. ಬೆರಳಲ್ಲಿ ಮುಟ್ಟಿದ್ರೆ ಒದ್ದೆ.

ಮಂಡ್ಯ:
ಸಿಕ್ಕಿತಲ್ಲ! ಕಿಲುಬು ಹಿಡಿದಷ್ಟನ್ನೂ ಕತ್ತರಿಸಿ. ಸೆನ್ಸರ್ ಕಡೆಯ ತುಂಡನ್ನ ಮತ್ತೆ ಐಸಲ್ಲಿಟ್ಟು, ಓಮ್ ಅಳೆಯೋ ಮಲ್ಟಿಮೀಟರ್ ಹಿಡೀರಿ. 32 ಕಿಲೋ ಓಮ್ ಹತ್ರ ಬಂದ್ರೆ ಸೆನ್ಸರ್ ಚೆನ್ನಾಗಿದೆ. ಇನ್ನೊಂದು ತಳಿಯಲ್ಲಿ 27 ಬರುತ್ತೆ, ಅದೂ ಸರಿನೇ. 15 ಬಂದ್ರೆ ತುದಿಯೊಳಗೇ ನೀರು ಹೋಗಿದೆ, ರಿಪೇರಿಗೆ ಹೋಗ್ಬೇಡಿ, ಹೊಸದು ಹಾಕಿ.

ಜಾಯಿಂಟ್ ಮಾಡೋವಾಗ ಎರಡು ತಂತಿಯನ್ನ ಒಂದೇ ಜಾಗದಲ್ಲಿ ಕತ್ತರಿಸ್ಬೇಡಿ. ಒಂದು ಮೇಲೆ, ಇನ್ನೊಂದು ಎರಡು ಇಂಚು ಕೆಳಗೆ ಬರಲಿ, ಆಗ ತೇವ ಸೇರಿದ್ರೂ ಒಂದಕ್ಕೊಂದು ಮುಟ್ಟಲ್ಲ. ಬೆಸುಗೆ ಹಾಕಿ, ಪ್ರತಿಯೊಂದಕ್ಕೂ ಒಳಗೆ ಅಂಟು ಇರೋ ಹೀಟ್ ಶ್ರಿಂಕ್ ಸ್ಲೀವ್ (ಬಿಸಿ ಮಾಡಿದ್ರೆ ಬಿಗಿಯೋ ಕೊಳವೆ), ಎರಡರ ಮೇಲೂ ದಪ್ಪದ್ದೊಂದು. ಜಾಯಿಂಟ್ ಮುಚ್ಚಳದಿಂದ ಹೊರಗೇ ಬರಬೇಕು. ತಂತಿ ಕಂಟ್ರೋಲರಿಗೆ ಹತ್ತೋ ಮುಂಚೆ ಕೆಳಗೆ ಜೋಲು ಬಿಡಿ, ಹರಿದು ಬಂದ ಹನಿ ಅಲ್ಲೇ ತೊಟ್ಟಿಕ್ಕಲಿ.

ಕುವೆಂಪುನಗರ, ಮೈಸೂರು:
ತುದಿ 32.5 ತೋರಿಸ್ತು, ಸೆನ್ಸರ್ ಚೆನ್ನಾಗಿದೆ. ನೀವು ಹೇಳಿದ ಹಾಗೇ ಬೆಸುಗೆ ಹಾಕಿ ಮೂರು ದಿನ ಆಯ್ತು. ಐಸಲ್ಲಿ 0.3, ತೊಟ್ಟಿಯಲ್ಲಿ ಗಾಜಿನ ಥರ್ಮಾಮೀಟರ್ 29, ಕಂಟ್ರೋಲರ್ 29.2. ಬೆಳಗಿನ ಜಾವ ಎದ್ದು ನೋಡಿದೆ, ಆಗಲೂ ಅಷ್ಟೇ. ತುಂಬಾ ಉಪಕಾರ ಆಯ್ತು ಅಣ್ಣ. ಅಕ್ಕ, ನಾಲ್ಕು ಮೀನಿಗೆ ಬಣ್ಣ ಬಂದಿದೆ, ತಿಂತಿವೆ. ಚಿಕ್ಕದು ಇನ್ನೂ ಮೂಲೆ ಬಿಟ್ಟಿಲ್ಲ.

ವಿಜಯನಗರ, ಮೈಸೂರು:
ಅದಕ್ಕೆ ಇನ್ನೊಂದೆರಡು ದಿನ ಕೊಡು. ದೊಡ್ಡವು ತಿಂದು ಮುಗಿಸಿದ ಮೇಲೆ ಅದರ ಮೂಲೆಗೇ ಸ್ವಲ್ಪ ಹಾಕು, ಉಳಿದದ್ದನ್ನು ತಕ್ಷಣ ತೆಗಿ. ಹೀಟರಿನ ಸ್ವಂತ ಥರ್ಮೋಸ್ಟಾಟನ್ನು 30ರಲ್ಲೇ ಬಿಡು, ಕಂಟ್ರೋಲರ್ ಕೆಟ್ಟು ಆನ್ ಆಗೇ ಉಳಿದ್ರೂ ಅದು ಹಿಡಿಯುತ್ತೆ. ಗಾಜಿನ ಥರ್ಮಾಮೀಟರ್ ತೊಟ್ಟಿಯಲ್ಲೇ ಇರಲಿ.