‘ಒಣಪ್ರವಾಹ’ ಅಂತ ಬರೆಯೋದು ತಪ್ಪಾ?

ದುರ್ಗದ ಹುಡುಗ: ಒಂದು ಕವಿಗೋಷ್ಠಿಗೆ ಕವನ ಕಳಿಸಿದ್ದೆ. ಚಿತ್ರದುರ್ಗದ ಚಂದ್ರವಳ್ಳಿ ಕೆರೆ ಹತ್ತಿರ ನಿಂತು ಸುತ್ತ ನೋಡಿ. ಬಂಡೆಗಳು ಉರುಳಿ ಬರುತ್ತಾ ಅರ್ಧ ದಾರಿಯಲ್ಲಿ ನಿಂತ ಹಾಗಿವೆ. ಅದಕ್ಕೆ ‘ಬಂಡೆಗಳ ಒಣಪ್ರವಾಹ’ ಅಂತ ಬರೆದೆ. ಅರಿಸಮಾಸ ಅಂತ ಕೆಂಪು ಗೆರೆ ಎಳೆದು ವಾಪಸ್ ಕಳಿಸಿದ್ದಾರೆ. ಇದು ಸರೀನಾ?

ಹೊಸದುರ್ಗದ ಮೇಷ್ಟ್ರು: ಸರಿಯಾಗೇ ಇದೆ. ಒಣ ಕನ್ನಡ, ಪ್ರವಾಹ ಸಂಸ್ಕೃತ. ಎರಡನ್ನೂ ಹೊಲಿದು ಒಂದು ಪದ ಮಾಡಬಾರದು ಅಂತ 13ನೇ ಶತಮಾನದಲ್ಲೇ ವ್ಯಾಕರಣಕಾರ ಕೇಶಿರಾಜ ಹೇಳಿದ್ದಾನೆ. ‘ಒಣಗಿದ ಪ್ರವಾಹ’ ಅಂದಿದ್ದರೆ ಗಮಕ ಸಮಾಸ, ಅಂದರೆ ಕ್ರಿಯೆಯಿಂದ ಹುಟ್ಟಿದ ‘ಒಣಗಿದ’ ಥರದ ಪದ ನಾಮಪದದ ಜೊತೆ ಸೇರೋದು. ಅದಕ್ಕೆ ದೋಷವಿಲ್ಲ.

ಬೆಣ್ಣೆನಗರಿ: ‘ಒಂದು ಪದ ಮಾಡಬಾರದು’ ಅಂತೀರಲ್ಲ, ನೀವು ಮಳೆಗಾಲ ಅನ್ನಲ್ವಾ? ಕಾಲ ಸಂಸ್ಕೃತ ತಾನೇ? ದಿನಗೂಲಿಗೆ ಏನಂತೀರಿ?

ಹೊಸದುರ್ಗದ ಮೇಷ್ಟ್ರು: ಕಾಲ ಕನ್ನಡಕ್ಕೆ ಒಗ್ಗಿತು, ಅದಕ್ಕೇ ‘ಗಾಲ’ ಆಯಿತು. ಪ್ರವಾಹ ಹಾಗೆ ಬಗ್ಗುತ್ತದಾ? ನಿಮ್ಮ ಹೆಸರೇ ಅರಿಸಮಾಸ. ಬೆಳ್ ಮತ್ತು ನೆಯ್ ಸೇರಿ ಬೆಣ್ಣೆ, ಅಚ್ಚ ಕನ್ನಡ. ನಗರಿ ಸಂಸ್ಕೃತ.

ಬೆಣ್ಣೆನಗರಿ: ಅದು ದಾವಣಗೆರೆಯ ಬಿರುದು. ಬಿರುದಿಗೆ ಕೇಶಿರಾಜನೇ ವಿನಾಯಿತಿ ಕೊಟ್ಟಿದ್ದಾನೆ. ಆ ಮಾತು ಮಾತ್ರ ನಿಮಗೆ ಕಾಣಲಿಲ್ಲವಾ?

ಗಿರಣಿ ಮಗಳು: ಬಿರುದಾ? ನಮ್ಮೂರು ದಾವಣಗೆರೆಯ ಬಿರುದು ಕರ್ನಾಟಕದ ಮ್ಯಾಂಚೆಸ್ಟರ್. ನಮ್ಮಪ್ಪ ಹತ್ತಿ ಗಿರಣಿಯ ಪಾಳಿ ಮುಗಿಸಿ ಬಂದರೆ ಮೀಸೆ ತುಂಬ ಹತ್ತಿ ಎಳೆ ಇರುತ್ತಿತ್ತು. ಗಿರಣಿ ಮುಚ್ಚಿದವು, ಈಗ ಎಲ್ಲರಿಗೂ ದೋಸೆ ಮಾತ್ರ ನೆನಪು.

ಬೆಣ್ಣೆನಗರಿ: ‘ದೋಸೆ ಮಾತ್ರ’ ಅಂತ ಹಗುರವಾಗಿ ಆಡಬೇಡಿ. ಕಟ್ಟಿಗೆ ಒಲೆ, ಕಾದ ಕಾವಲಿ, ಅದರ ಮೇಲೆ ಬೆಣ್ಣೆ ಬಿದ್ದ ಘಮ ಬೀದಿ ತುದಿಗೆ ಬರುತ್ತದೆ. ಆ ಘಮಕ್ಕೇ ಜನ ಇಟ್ಟ ಹೆಸರು.

ಗಿರಣಿ ಮಗಳು: ಜನ ಇಟ್ಟರೆ ಅದು ಅಡ್ಡಹೆಸರು.

ಬೆಣ್ಣೆನಗರಿ: ಮ್ಯಾಂಚೆಸ್ಟರ್ ಯಾವ ಸೀಮೆ ಕನ್ನಡ?

ಗಿರಣಿ ಮಗಳು: ನಮ್ಮಪ್ಪನಂಥವರು ಬೆವರು ಸುರಿಸಿ ತಂದ ಹೆಸರು ಅದು. ಇನ್ನು ನಿಮ್ಮ ಹತ್ತಿರ ಮಾತಿಲ್ಲ.

ದುರ್ಗದ ಹುಡುಗ: ನನ್ನ ಸಾಲು ಎಲ್ಲಿ ಹೋಯಿತು? ಅಲ್ಲಮ ‘ಶಬ್ದದೊಳಗಣ ನಿಶ್ಶಬ್ದ’ ಅಂದಾಗ ಯಾರಾದರೂ ಗೆರೆ ಎಳೆದರಾ?

ಹೊಸದುರ್ಗದ ಮೇಷ್ಟ್ರು: ಶಬ್ದ, ನಿಶ್ಶಬ್ದ ಎರಡೂ ಸಂಸ್ಕೃತ. ಎರಡನ್ನೂ ಅಂಟಿಸಿಯೂ ಇಲ್ಲ. ಸುಮ್ನೆ ಅಲ್ಲಮನನ್ನ ಎಳೆದು ತರಬೇಡಿ.

ದುರ್ಗದ ಹುಡುಗ: ಕೂಡದ ಎರಡು ಪದ ಪಕ್ಕದಲ್ಲಿ ಕೂತಾಗ ಹೊಸದೊಂದು ಕಾಣುತ್ತದಲ್ಲ, ನಾನು ಹೇಳಿದ್ದು ಅದನ್ನ. ‘ಒಣಗಿದ’ ಅಂದರೆ ಮೊದಲು ನೀರಿತ್ತು, ಆಮೇಲೆ ಬತ್ತಿತು ಅಂತ ಆಗುತ್ತದೆ. ನನ್ನ ಪ್ರವಾಹ ಹುಟ್ಟಿದ್ದೇ ಒಣ.

ಹೊಸದುರ್ಗದ ಮೇಷ್ಟ್ರು: ‘ಒಣಹೊಳೆ’ ಅನ್ನಿ. ಎರಡೂ ಕನ್ನಡ, ತಕರಾರಿಲ್ಲ.

ದುರ್ಗದ ಹುಡುಗ: ಹೊಳೆ ತನ್ನ ಪಾಡಿಗೆ ಹರಿಯುತ್ತದೆ ಮೇಷ್ಟ್ರೇ. ಈ ಬಂಡೆಗಳು ನುಗ್ಗಿ ಬಂದಿವೆ. ಸಾಲು ಹಾಗೇ ಇರುತ್ತದೆ, ಇನ್ನೊಂದು ಕಡೆ ಕಳಿಸುತ್ತೇನೆ.

ಬೆಣ್ಣೆನಗರಿ: ಮೇಷ್ಟ್ರೇ, ದಿನಗೂಲಿಗೆ ಇನ್ನೂ ಉತ್ತರ ಬಂದಿಲ್ಲ.