ಪ್ರಶ್ನೋತ್ತರ: ಪೂಲ್ ಬೋರ್ ಅನ್ನುವವರನ್ನು ಕಾಮೆಂಟರಿ ಹಿಡಿದು ಕೂರಿಸುತ್ತದಾ?

ಈ ವಾರ ಉತ್ತರ ಕೊಡುವವರು ಬೆಂಗಳೂರಿನ ಕೋಚ್ ಒಬ್ಬರು. ಟೇಬಲ್ ಮೇಲೆ ಕ್ಯೂ ಅನ್ನುವ ಕೋಲಿನಿಂದ ಬಾಲ್ ಹೊಡೆದು ಆಡುವ ಪೂಲ್ ಮತ್ತು ಸ್ನೂಕರ್ ಕಲಿಸುತ್ತಾರೆ. ಕ್ಲಬ್ ಟೂರ್ನಿಗಳ ಲೈವ್‌ಗೆ ಕನ್ನಡದಲ್ಲಿ ಕಾಮೆಂಟರಿಯನ್ನೂ ಮಾಡುತ್ತಾರೆ.

ಪ್ರಶ್ನೆ (ರಾಜಾಜಿನಗರದಿಂದ):
ಮೇಡಂ, ನಮಸ್ಕಾರ. ನಾನು ಭಾನುವಾರ ಪೂಲ್ ಪಾರ್ಲರ್‌ಗೆ ಹೋಗಿ ಆಡುವವನು, ರಾತ್ರಿ ಯೂಟ್ಯೂಬ್‌ನಲ್ಲಿ ನೈನ್ ಬಾಲ್ ಮ್ಯಾಚ್ ನೋಡುತ್ತೇನೆ. ನಮ್ಮಮ್ಮ ಕಬಡ್ಡಿ ಬಂದರೆ ಟಿವಿ ಮುಂದಿಂದ ಏಳಲ್ಲ. ಪೂಲ್ ಹಾಕಿದರೆ ಎರಡೇ ನಿಮಿಷ, "ಬರೀ ಬಾಲ್ ಹಾಕ್ತಾನೇ ಇರ್ತಾರಲ್ಲೋ, ಏನಿದೆ ಇದ್ರಲ್ಲಿ" ಅಂತ ಎದ್ದು ಹೋಗುತ್ತಾರೆ. ಆಟವೇ ಹಾಗಾ, ಇಲ್ಲ ಕಾಮೆಂಟರಿ ಸರಿ ಇಲ್ವಾ?

ಉತ್ತರ:
ನಿಮ್ಮಮ್ಮನಿಗೆ ಕಾಣುತ್ತಿರುವುದನ್ನೇ ಅವರು ಹೇಳುತ್ತಿದ್ದಾರೆ. ಒಳ್ಳೆಯ ಆಟಗಾರ ಆಡುವಾಗ ಪ್ರತಿ ಶಾಟೂ ಸುಲಭ ಅನ್ನಿಸುತ್ತದೆ. ಯಾಕೆಂದರೆ ಹಿಂದಿನ ಶಾಟ್‌ನಲ್ಲೇ ಅವನು ವೈಟನ್ನು, ಅಂದರೆ ಕ್ಯೂನಿಂದ ಹೊಡೆಯುವ ಬಿಳಿ ಬಾಲನ್ನು, ಬೇಕಾದ ಜಾಗಕ್ಕೆ ತಂದು ನಿಲ್ಲಿಸಿರುತ್ತಾನೆ. ಕಷ್ಟದ ಕೆಲಸ ಅಲ್ಲೇ ಮುಗಿದಿರುತ್ತದೆ, ಅದನ್ನು ಯಾರೂ ನೋಡಿರುವುದಿಲ್ಲ.

ನಾವೆಲ್ಲ ಕೇರಂ ಆಡಿ ಬೆಳೆದವರು. ಕೇರಂನಲ್ಲಿ ಕಾಯಿನ್ ಬಿದ್ದ ಮೇಲೆ ಸ್ಟ್ರೈಕರ್ ಎತ್ತಿಕೊಂಡು ನಮ್ಮ ಗೆರೆ ಮೇಲೆ ಬೇಕಾದ ಕಡೆ ಇಟ್ಟುಕೊಳ್ಳುತ್ತೇವೆ. ಪೂಲ್‌ನಲ್ಲಿ ಆ ಅನುಕೂಲ ಇಲ್ಲ, ವೈಟ್ ಎಲ್ಲಿ ನಿಂತಿತೋ ಅಲ್ಲಿಂದಲೇ ಮುಂದಿನ ಹೊಡೆತ. ಅದರ ಮೇಲೆ ಒಂದರಿಂದ ಒಂಬತ್ತು ನಂಬರಿನ ಬಾಲ್‌ಗಳಲ್ಲಿ ಆಡುವ ನೈನ್ ಬಾಲ್‌ನಲ್ಲಿ ಟೇಬಲ್ ಮೇಲಿರುವ ಚಿಕ್ಕ ನಂಬರಿಗೇ ಮೊದಲು ತಾಗಿಸಬೇಕು, ಮನಸ್ಸಿಗೆ ಬಂದದ್ದನ್ನು ಹೊಡೆಯುವ ಹಾಗಿಲ್ಲ. ಹಾಗಾಗಿ ಒಂದು ಬಾಲ್ ಹಾಕುವಾಗ ಆಟಗಾರನ ತಲೆಯಲ್ಲಿ ಮುಂದಿನ ಎರಡು ಬಾಲ್ ಇರುತ್ತವೆ. ಕೇರಂ ನೋಡಿ ಅಭ್ಯಾಸವಾದ ಕಣ್ಣು ಪಾಕೆಟ್ ಕಡೆ ಹೋಗುತ್ತದೆ. ನೋಡಬೇಕಾದದ್ದು ವೈಟನ್ನು. ಆ ಕಣ್ಣನ್ನು ವೈಟ್ ಕಡೆ ತಿರುಗಿಸುವುದೇ ಕಾಮೆಂಟರಿಯ ಮೊದಲ ಕೆಲಸ, ನನ್ನ ಪ್ರಕಾರ ಮುಕ್ಕಾಲು ಕೆಲಸವೂ ಅದೇ.

ಅದನ್ನು ಶಾಟ್‌ಗೆ ಮುಂಚೆ ಮಾಡಬೇಕು. ನಮ್ಮ ಲೈವ್‌ಗಳಲ್ಲಿ ಹೆಚ್ಚಾಗಿ ಕೇಳಿಸುವುದು ಏನು? "ಆರು ಹಾಕಿದ್ರು... ಸೂಪರ್... ಈಗ ಏಳು... ಏಳೂ ಹೋಯ್ತು." ಇದೆಲ್ಲ ನೋಡುವವರಿಗೆ ಆಗಲೇ ಕಂಡಿರುತ್ತದೆ. ಅದರ ಬದಲು ಆಟಗಾರ ಕ್ಯೂಗೆ ಚಾಕ್ ಹಚ್ಚುತ್ತಿರುವಾಗಲೇ ಹೀಗೆ ಹೇಳಿ ನೋಡಿ: "ಆರು ಪಾಕೆಟ್ ಬಾಯಲ್ಲೇ ಇದೆ, ಅದಕ್ಕೆ ಚಿಂತೆ ಇಲ್ಲ. ಏಳು ಆ ತುದಿಯಲ್ಲಿ ಕುಷನ್‌ಗೆ, ಅಂದರೆ ಟೇಬಲ್ ಅಂಚಿಗೆ, ಅಂಟಿಕೊಂಡಿದೆ. ವೈಟ್ ಈಗ ಎಂಟರ ಪಕ್ಕದಿಂದ ನುಸುಳಿ ಆ ತುದಿಗೆ ಹೋಗಬೇಕು. ಎಂಟಕ್ಕೆ ತಾಗಿದರೆ ಕೆಲಸ ಕೆಟ್ಟಿತು." ಇಷ್ಟು ಹೇಳಿ ಬಾಯಿ ಮುಚ್ಚಿ. ಈಗ ಆರು ಒಳಗೆ ಬಿದ್ದದ್ದನ್ನು ನಿಮ್ಮಮ್ಮ ಗಮನಿಸುವುದೇ ಇಲ್ಲ, ವೈಟ್ ಉರುಳುತ್ತಾ ಹೋಗುವುದನ್ನು ಉಸಿರು ಹಿಡಿದು ನೋಡುತ್ತಾರೆ. ಅದೇ ಶಾಟ್, ಅದೇ ಕ್ಯಾಮೆರಾ. ಬಾಲ್ ಹೊರಡುವ ಮುಂಚೆ ಅವರ ಕೈಗೆ ಒಂದು ಪ್ರಶ್ನೆ ಸಿಕ್ಕಿದೆ, ಅಷ್ಟೇ ವ್ಯತ್ಯಾಸ.

ಪ್ರಶ್ನೆ (ಇನ್ನೊಬ್ಬ ಸದಸ್ಯರು):
ಮುಂಚೆನೇ ಹೇಳಿಬಿಟ್ಟು, ಆಟಗಾರ ಬೇರೆ ಏನೋ ಆಡಿದರೆ ಮರ್ಯಾದೆ ಹೋಗಲ್ವಾ?

ಉತ್ತರ:
ಹೋಗಲ್ಲ. ನೋಡುವವರಿಗೆ ಅದು ಇನ್ನೂ ಮಜಾ. "ನಾನು ಈ ದಾರಿ ಅಂದುಕೊಂಡಿದ್ದೆ, ಇವರು ಆ ದಾರಿ ಹಿಡಿದರು, ಯಾಕೆ ಅಂತ ನೋಡೋಣ" ಅಂದರೆ ಸಾಕು, ಜನ ನಿಮ್ಮ ಜೊತೆ ಸೇರಿ ಯೋಚಿಸುತ್ತಾರೆ.

ಇದಕ್ಕೆ ನಾನು ಯಾವಾಗಲೂ ತೋರಿಸುವ ಮ್ಯಾಚ್ ಒಂದಿದೆ. 1995, ಅಮೆರಿಕದ ರೀನೋ ಊರಲ್ಲಿ ಸ್ಯಾಂಡ್ಸ್ ರೀಜೆನ್ಸಿ ಟೂರ್ನಿಯ ಫೈನಲ್. ಫಿಲಿಪ್ಪೀನ್ಸ್‌ನ ಎಫ್ರೆನ್ ರೇಯೆಸ್, ಎದುರಿಗೆ ಅರ್ಲ್ ಸ್ಟ್ರಿಕ್‌ಲ್ಯಾಂಡ್. ಇಬ್ಬರಿಗೂ ಇನ್ನೊಂದೇ ರ್ಯಾಕ್, ಅಂದರೆ ಒಂದೇ ಸುತ್ತು, ಬೇಕು. ಸ್ಟ್ರಿಕ್‌ಲ್ಯಾಂಡ್ ಸೇಫ್ಟಿ ಆಡಿ, ಐದಕ್ಕೆ ನೇರವಾಗಿ ತಾಗಿಸಲು ದಾರಿಯೇ ಇಲ್ಲದ ಹಾಗೆ ವೈಟನ್ನು ಬಚ್ಚಿಟ್ಟರು. ರೇಯೆಸ್ ವೈಟನ್ನು ಎರಡು ಕುಷನ್‌ಗೆ ಬಡಿದು ತಂದು ಐದಕ್ಕೆ ತಾಗಿಸಿದ್ದೂ ಅಲ್ಲದೆ, ಅದನ್ನು ಪಾಕೆಟ್‌ಗೆ ಹಾಕಿ, ಉಳಿದದ್ದನ್ನೂ ಹಾಕಿ ಗೆದ್ದರು. ಪೂಲ್ ಗೊತ್ತಿಲ್ಲದವರಿಗೆ ಇದನ್ನು ಸುಮ್ನೆ ತೋರಿಸಿದರೆ "ಓ, ಬಿತ್ತಲ್ಲ" ಅಂತಾರೆ. "ಇಲ್ಲಿ ತಾಗಿಸಿದರೇ ದೊಡ್ಡದು, ತಾಗಿಸದಿದ್ದರೆ ಫೌಲ್, ಎದುರಾಳಿ ವೈಟನ್ನು ಬೇಕಾದ ಕಡೆ ಇಟ್ಟುಕೊಂಡು ಆಡ್ತಾನೆ, ಅಲ್ಲಿಗೆ ಮ್ಯಾಚ್ ಮುಗಿದ ಹಾಗೆ" ಅಂತ ಮುಂಚೆ ಹೇಳಿ ತೋರಿಸಿ. ಕುರ್ಚಿಯಿಂದ ಎದ್ದುಬಿಡುತ್ತಾರೆ.

ಪ್ರಶ್ನೆ (ಜಯನಗರದಿಂದ):
ಹಾಗಾದರೆ ಕಬಡ್ಡಿ ತರಹ ಜೋಶ್ ಆಗಿ, ಬಿಡದೆ ಮಾತಾಡುತ್ತಾ ಇದ್ದರೆ ಒಳ್ಳೆಯದಲ್ವಾ?

ಉತ್ತರ:
ಒಂದು ವಿಷಯ ಕಬಡ್ಡಿಯಿಂದ ಖಂಡಿತ ತೆಗೆದುಕೊಳ್ಳಬಹುದು, ಗಡಿಯಾರ. ಕಬಡ್ಡಿ ರೈಡ್‌ಗೆ 30 ಸೆಕೆಂಡ್. 1994ರಿಂದ ನಡೆಯುತ್ತಿರುವ ಯುರೋಪ್-ಅಮೆರಿಕ ತಂಡಗಳ ಮೊಸ್ಕೋನಿ ಕಪ್‌ನಲ್ಲೂ ಒಂದು ಶಾಟ್‌ಗೆ 30 ಸೆಕೆಂಡ್. ಅಲ್ಲಿ ಜನ ಕೂಗುತ್ತಾರೆ, ಹಾಡುತ್ತಾರೆ. ಅಂಥ ಕಡೆ ಕಾಮೆಂಟರಿಯೂ ದನಿ ಏರಿಸಬಹುದು.

ಉಳಿದ ಕಡೆ ಬೇಡ. ಟೆಡ್ ಲೋ ಅಂತ ಬಿಬಿಸಿಯಲ್ಲಿ ಸ್ನೂಕರ್ ಕಾಮೆಂಟರಿ ಮಾಡುತ್ತಿದ್ದವರು ಇದ್ದರು, ಪಿಸುಮಾತಿಗೇ ಹೆಸರಾದವರು. ಶುರುವಿನಲ್ಲಿ ಪ್ರತ್ಯೇಕ ಕೋಣೆ ಇರಲಿಲ್ಲ, ಪ್ರೇಕ್ಷಕರ ಮಧ್ಯೆಯೇ ಕೂತು ಹೇಳಬೇಕಿತ್ತು, ಅದಕ್ಕೆ ದನಿ ತಗ್ಗಿಸಿದರು. ಆಮೇಲೆ ಜನರಿಗೆ ಅದೇ ಇಷ್ಟವಾಯಿತು. ಪಕ್ಕದಲ್ಲಿ ಕೂತು ಕಿವಿಯಲ್ಲಿ ಹೇಳಿದ ಹಾಗೆ ಇರುತ್ತದೆ ನೋಡಿ, ಅದಕ್ಕೆ. 1985ರ ವಿಶ್ವ ಸ್ನೂಕರ್ ಫೈನಲ್‌ಗೂ ಅವರದ್ದೇ ದನಿ. ಸ್ಟೀವ್ ಡೇವಿಸ್ 8-0 ಫ್ರೇಮ್ (ಸ್ನೂಕರ್‌ನ ಸುತ್ತು) ಮುಂದಿದ್ದರು, ಡೆನಿಸ್ ಟೇಲರ್ ಹಿಡಿದು ಹಿಡಿದು 17-17 ಮಾಡಿ, ಕೊನೆಯ ಫ್ರೇಮಿನ ಕೊನೆಯ ಕಪ್ಪು ಬಾಲ್‌ನಲ್ಲಿ ಗೆದ್ದರು. ಆಗ ಅಲ್ಲಿ ಮಧ್ಯರಾತ್ರಿ ದಾಟಿತ್ತು, ಬ್ರಿಟನ್‌ನಲ್ಲಿ 1.85 ಕೋಟಿ ಜನ ನೋಡುತ್ತಿದ್ದರು. ಅಷ್ಟೂ ಜನ ಕ್ಯೂ ಹಿಡಿದವರಾಗಿರಲಿಲ್ಲ. ಆದರೆ ಒಂದು ವಿಷಯ ಎಲ್ಲರಿಗೂ ಅರ್ಥವಾಗಿತ್ತು: ಈ ಕಪ್ಪು ಬಾಲ್ ಯಾರು ಹಾಕುತ್ತಾರೋ ಅವರು ಚಾಂಪಿಯನ್. ಅಂಥ ಹೊತ್ತಲ್ಲಿ ಹೆಚ್ಚಿಗೆ ಹೇಳುವುದಕ್ಕೆ ಏನೂ ಇರುವುದಿಲ್ಲ. ಪಣದಲ್ಲಿ ಏನಿದೆ ಅಂತ ಒಂದು ಸಲ ತಿಳಿಸಿ, ಮಿಕ್ಕದ್ದನ್ನು ಬಾಲ್‌ಗೆ ಬಿಡಬೇಕು.

ಪ್ರಶ್ನೆ:
ಕಾಮೆಂಟರಿಗೆ ಹಳೇ ಆಟಗಾರರೇ ಬೇಕಾ?

ಉತ್ತರ:
ಒಬ್ಬರು ಇದ್ದರೆ ಒಳ್ಳೆಯದು, ಜೊತೆಗೆ ಆಟ ಅಷ್ಟಾಗಿ ಗೊತ್ತಿಲ್ಲದ ಇನ್ನೊಬ್ಬರು ಇರಲಿ. ಆಟಗಾರರಿಗೆ ಟೇಬಲ್ ನೋಡಿದ ತಕ್ಷಣ ನಾಲ್ಕು ದಾರಿ ಕಾಣುತ್ತವೆ, ನಾಲ್ಕನ್ನೂ ಹೇಳುತ್ತಾರೆ, ಕೇಳುವವರಿಗೆ ತಲೆ ಕೆಡುತ್ತದೆ. ಪಕ್ಕದವರು "ಸರ್, ಆ ಬಾಲ್ ಅಷ್ಟು ಹತ್ತಿರ ಇದೆ, ಯಾಕೆ ಹೊಡೀಲಿಲ್ಲ?" ಅಂತ ಕೇಳಬೇಕು. ನಿಮ್ಮಮ್ಮ ಕೇಳುವ ಪ್ರಶ್ನೆಯೂ ಅದೇ.

ಸ್ಟನ್, ಸ್ಕ್ರೂ, ಸೈಡ್ ಅಂತ ಹೊಡೆತಗಳ ಹೆಸರನ್ನೆಲ್ಲ ಒಂದೇ ಉಸಿರಲ್ಲಿ ಹೇಳಬೇಡಿ. ಒಂದು ಮ್ಯಾಚಿಗೆ ಒಂದು ವಿಷಯ ಕಲಿಸಿದರೂ ದೊಡ್ಡದು. ಉದಾಹರಣೆಗೆ, ವೈಟ್ ಸ್ಪಿನ್ ಇಲ್ಲದೆ ಜಾರಿಕೊಂಡು ಬಂದು ಬಾಲ್‌ನ ಬದಿಗೆ ತಾಗಿದರೆ, ಎರಡೂ ಹೆಚ್ಚುಕಡಿಮೆ 90 ಡಿಗ್ರಿಯಲ್ಲಿ ಬೇರೆಯಾಗುತ್ತವೆ. ಇದೊಂದು ಗೊತ್ತಾದರೆ ಮನೆಯಲ್ಲಿ ಕೂತವರೂ "ವೈಟ್ ಈ ಕಡೆ ಹೋಗುತ್ತೆ" ಅಂತ ಬೆರಳು ತೋರಿಸೋಕೆ ಶುರು ಮಾಡುತ್ತಾರೆ. ಬೆರಳು ತೋರಿಸಿದವರು ಚಾನೆಲ್ ಬದಲಾಯಿಸಲ್ಲ.

ನನಗೆ ನಿಜವಾಗಲೂ ಬೇಜಾರಾಗುವ ವಿಷಯ ಒಂದಿದೆ. ವಸಂತನಗರದಲ್ಲಿ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆ ಇದೆ, ಪಂಕಜ್ ಅಡ್ವಾಣಿ ಆಡಿ ಬೆಳೆದ ಊರು ಇದು. 2003ರಲ್ಲಿ ಅವರು ಚೀನಾದಲ್ಲಿ ಐಬಿಎಸ್ಎಫ್ (ಅಂತರರಾಷ್ಟ್ರೀಯ ಬಿಲಿಯರ್ಡ್ಸ್ ಮತ್ತು ಸ್ನೂಕರ್ ಒಕ್ಕೂಟ) ವಿಶ್ವ ಸ್ನೂಕರ್ ಪ್ರಶಸ್ತಿ ಗೆದ್ದದ್ದು ಪೇಪರ್ ಓದುವವರಿಗೆಲ್ಲ ಗೊತ್ತು. ಅವರ ಒಂದು ಫ್ರೇಮ್ ಪೂರ್ತಿ ನೋಡಿದವರು ನಮ್ಮ ಬೀದಿಯಲ್ಲಿ ಎಷ್ಟು ಜನ ಸಿಗುತ್ತಾರೆ? ಕನ್ನಡದಲ್ಲಿ ಪಕ್ಕದಲ್ಲಿ ಕೂತು ಹೇಳುವವರು ಇದ್ದಿದ್ದರೆ ನೋಡುತ್ತಿದ್ದರು ಅಂತ ನಾನು ನಂಬುತ್ತೇನೆ.

ಪ್ರಶ್ನೆ:
ಚಿಕ್ಕ ಕ್ಲಬ್‌ನಲ್ಲಿ ಟೇಬಲ್ ಪಕ್ಕದಲ್ಲೇ ಮಾತಾಡಿದರೆ ಆಡುವವರಿಗೆ ತೊಂದರೆ ಅಲ್ವಾ?

ಉತ್ತರ:
ತೊಂದರೆಯೇ. ಪಕ್ಕದ ರೂಮಿನಲ್ಲಿ ಲ್ಯಾಪ್‌ಟಾಪ್‌ನಲ್ಲಿ ನೋಡಿಕೊಂಡು ಮಾತಾಡಿ.

ಪ್ರಶ್ನೆ (ಮತ್ತೆ ರಾಜಾಜಿನಗರದಿಂದ):
ಮೇಡಂ, ನಮ್ಮ ಪಾರ್ಲರ್ ಟೂರ್ನಿಗೆ ಈ ಶನಿವಾರ ಮೈಕ್ ನನ್ನ ಕೈಗೇ ಕೊಟ್ಟಿದ್ದಾರೆ. ಹೇಗೆ ತಯಾರಾಗಲಿ?

ಉತ್ತರ:
ಬಹಳ ಖುಷಿ ಆಯ್ತು. ಯಾವುದಾದರೂ ಹಳೇ ಮ್ಯಾಚ್ ತೆಗೆದು ಸೌಂಡ್ ಪೂರ್ತಿ ಆಫ್ ಮಾಡಿ. ಪ್ರತಿ ಶಾಟ್‌ಗೆ ಮುಂಚೆ ನಿಲ್ಲಿಸಿ, ವೈಟ್ ಎಲ್ಲಿಗೆ ಹೋಗಬೇಕು ಅಂತ ಒಂದೇ ವಾಕ್ಯದಲ್ಲಿ ಜೋರಾಗಿ ಹೇಳಿ, ಆಮೇಲೆ ಓಡಿಸಿ. ಮೊದಲು ಉದ್ದುದ್ದ ಬರುತ್ತದೆ, ಮಾಡ್ತಾ ಮಾಡ್ತಾ ಚಿಕ್ಕದಾಗುತ್ತದೆ. ಆಡುವವರ ಹತ್ತಿರ ಮುಂಚೆನೇ ಮಾತಾಡಿ. ಕೆಲಸ ಏನು, ಎಲ್ಲಿ ಕಲಿತರು, ಹಿಂದೆ ಯಾರ ಕೈಲಿ ಸೋತರು, ಇಷ್ಟು ಸಾಕು. ಎರಡು ಹೆಸರಿನ ಬದಲು ಇಬ್ಬರು ಮನುಷ್ಯರು ಕಾಣಬೇಕು ನೋಡುವವರಿಗೆ. ಸ್ಕೋರ್ ಮತ್ತು ಇನ್ನೆಷ್ಟು ರ್ಯಾಕ್ ಬೇಕು ಅನ್ನುವುದನ್ನು ಪ್ರತಿ ರ್ಯಾಕ್ ಶುರುವಿಗೆ ಹೇಳುತ್ತಿರಿ, ಮಧ್ಯೆ ಬಂದು ಸೇರುವವರೇ ಜಾಸ್ತಿ ಇರುತ್ತಾರೆ. ಸೇಫ್ಟಿ ಆಡಿದಾಗ ಮಾತ್ರ ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಳ್ಳಿ, ಹೊಸಬರು ಎದ್ದು ಹೋಗುವುದು ಅಲ್ಲೇ. ಬಾಲ್ ಹಾಕದೆ ಯಾಕೆ ಬಚ್ಚಿಟ್ಟರು, ಎದುರಾಳಿಗೆ ಈಗ ಏನು ಕಾಣುತ್ತಿಲ್ಲ, ಇದನ್ನು ನಿಧಾನವಾಗಿ ಹೇಳಿ.

ಲೈವ್ ಲಿಂಕನ್ನು ಇಲ್ಲೇ ಹಾಕಿ, ನಾನೂ ನೋಡುತ್ತೇನೆ. ಅಮ್ಮನಿಗೂ ಕಳಿಸಿ.